ಖಳನಾಯಕನೇ ಕೇಂದ್ರವಾದ ವೈಜ್ಞಾನಿಕ ಕಾಮಿಕ್: ಮೊರಿಯಾರ್ಟಿಯ ಕಥೆಯನ್ನು 32 ಪುಟಗಳಲ್ಲಿ ಮುಗಿಸುವುದು ಹೇಗೆ

ಒಂದೇ ಸಂಚಿಕೆಯಲ್ಲಿ ಮುಗಿಯುವ ಕಾಮಿಕ್‌ಗೆ ಹಿಂದಿನ ಕಂತೂ ಇಲ್ಲ, ಮುಂದಿನ ಕಂತೂ ಇಲ್ಲ. ಹೆಸರಾಂತ ಖಳನಾಯಕನನ್ನು ಆರಿಸಿಕೊಂಡರೆ ಪರಿಚಯದ ಪುಟಗಳು ಉಳಿಯುತ್ತವೆ ಎನ್ನುವುದು ನಿಜ. ಆದರೆ ಹಾಗೆ ಉಳಿದ ಪುಟಗಳನ್ನು ಅವನ ಬಾಲ್ಯದ ದುಃಖಕ್ಕೆ ಸುರಿದು ಕೆಡಿಸುವವರೇ ಹೆಚ್ಚು. ಈ ಮಾರ್ಗದರ್ಶಿ ಹಿಡಿಯುವ ದಾರಿ ಬೇರೆ. ಖಳನ ಯೋಜನೆಯೇ ಕಥೆಯ ಬೆನ್ನೆಲುಬಾಗಬೇಕು, ಅವನ ಸೋಲು ಅವನ ಕೆಲಸದ ಪದ್ಧತಿಯಿಂದಲೇ ಹುಟ್ಟಬೇಕು. ಮುಂದಿನ ಹಂತಗಳೆಲ್ಲ ಈ ಎರಡು ಮಾತಿಗೆ ಕಟ್ಟುಬಿದ್ದಿವೆ.

ಹಂತ 1: ಖಳನನ್ನು ಆರಿಸುವುದು, ಹಕ್ಕು ನೋಡಿಕೊಳ್ಳುವುದು

ದೊಡ್ಡ ಸ್ಟುಡಿಯೋಗಳ ಮುಖವಾಡಧಾರಿಗಳನ್ನು ಮರೆತುಬಿಡಿ. ಪರವಾನಗಿ ಇಲ್ಲದೆ ಅವರ ಕಥೆ ಪ್ರಕಟಿಸಲು ಬರುವುದಿಲ್ಲ. ಕೃತಿಸ್ವಾಮ್ಯ ಮುಗಿದ ಪಾತ್ರಗಳಲ್ಲೇ ಬೇಕಾದಷ್ಟು ಸರಕಿದೆ. ಇಲ್ಲಿ ಉದಾಹರಣೆಗೆ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ವೈರಿ ಪ್ರೊಫೆಸರ್ ಮೊರಿಯಾರ್ಟಿಯನ್ನು ತೆಗೆದುಕೊಳ್ಳೋಣ. ಅವನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಲೇಖಕ ಸತ್ತು 60 ವರ್ಷ ಎಂಬ ಲೆಕ್ಕವಿರುವ ಭಾರತದಲ್ಲೂ 70 ವರ್ಷದ ಲೆಕ್ಕವಿರುವ ಬ್ರಿಟನ್‌ನಲ್ಲೂ ಹಕ್ಕು ಮುಗಿದಿದೆ. ಅಮೆರಿಕದಲ್ಲಿ ಹೋಮ್ಸ್ ಸರಣಿಯ ಕೊನೆಯ ಕಥೆಗಳೂ 2023ರ ಜನವರಿ 1ಕ್ಕೆ ಸಾರ್ವಜನಿಕ ಸ್ವತ್ತಾದವು.

ಎಡವುವುದು ಇಲ್ಲೇ. ಮೂಲ ಕಥೆ ಮುಕ್ತವಾದ ಮಾತ್ರಕ್ಕೆ ಆಮೇಲೆ ಬಂದ ಸಿನಿಮಾ, ಧಾರಾವಾಹಿಗಳ ಮೊರಿಯಾರ್ಟಿ ಮುಕ್ತನಾಗುವುದಿಲ್ಲ. ಫ್ರಾಂಕೆನ್‌ಸ್ಟೈನ್‌ನ ಜೀವಿಗೆ ಚಪ್ಪಟೆ ತಲೆ, ಕತ್ತಿನ ಬೋಲ್ಟು ಬಂದದ್ದು 1818ರ ಕಾದಂಬರಿಯಿಂದಲ್ಲ, 1931ರ ಚಲನಚಿತ್ರದಿಂದ. ನಿಮ್ಮ ಖಳನ ವಿಚಾರದಲ್ಲೂ ಹೀಗೆ ಆಗದಿರಲು, ಮೂಲ ಪಠ್ಯದಲ್ಲಿ ಅವನ ಬಗ್ಗೆ ಇರುವ ಪ್ರತಿ ವಾಕ್ಯವನ್ನೂ ಒಂದು ಹಾಳೆಗೆ ಇಳಿಸಿಕೊಳ್ಳಿ. ಆ ಹಾಳೆಯಲ್ಲಿ ಇಲ್ಲದ ಗುಣ ಬೇಕಾದರೆ ಅದನ್ನು ನೀವೇ ಹುಟ್ಟಿಸಬೇಕು.

ಮೊರಿಯಾರ್ಟಿಯ ಹಾಳೆ ಒಂದೇ ಪುಟಕ್ಕೆ ಮುಗಿಯುತ್ತದೆ. 1893ರಲ್ಲಿ ಮೊದಲ ಬಾರಿ ಕಾಣಿಸಿಕೊಂಡ. ಗಣಿತದ ಪ್ರಾಧ್ಯಾಪಕ, 21ನೇ ವಯಸ್ಸಿಗೇ ದ್ವಿಪದ ಪ್ರಮೇಯದ ಮೇಲೆ ಪ್ರಬಂಧ ಬರೆದವನು. ತುಂಬಾ ಎತ್ತರ, ಬಡಕಲು ಮೈ, ಉಬ್ಬಿದ ಬಿಳಿ ಹಣೆ, ಗುಳಿಬಿದ್ದ ಕಣ್ಣು, ನುಣ್ಣಗೆ ಬೋಳಿಸಿದ ಮುಖ, ಬಾಗಿದ ಭುಜ. ಮುಂದಕ್ಕೆ ಚಾಚಿದ ತಲೆ ಹಾವಿನ ಹಾಗೆ ನಿಧಾನವಾಗಿ ಅತ್ತಿತ್ತ ಓಲಾಡುತ್ತಲೇ ಇರುತ್ತದೆ. ತಾನಾಗಿ ಹೆಚ್ಚೇನೂ ಮಾಡುವುದಿಲ್ಲ, ಯೋಜನೆ ಮಾತ್ರ ಅವನದು, ಸಿಕ್ಕಿಬೀಳುವವರು ಏಜೆಂಟರು. 1914–15ರಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯಲ್ಲಿ ಇನ್ನೊಂದು ವಿವರ ಸೇರಿತು: ಕ್ಷುದ್ರಗ್ರಹದ ಚಲನಶಾಸ್ತ್ರದ ಮೇಲೆ ಅವನೊಂದು ಗ್ರಂಥ ಬರೆದಿದ್ದ, ಅದನ್ನು ವಿಮರ್ಶಿಸಬಲ್ಲವರೇ ವಿಜ್ಞಾನ ಪತ್ರಿಕೆಗಳಲ್ಲಿ ಇರಲಿಲ್ಲ. ವೈಜ್ಞಾನಿಕ ಕಾಮಿಕ್ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಬೀಜ ಸಿಗಲಾರದು.

ಅವನು ಭವಿಷ್ಯಕ್ಕೆ ಹೇಗೆ ಬಂದ? ವಿವರಿಸಬೇಡಿ. ಹಿಮದಲ್ಲಿ ಹೆಪ್ಪುಗಟ್ಟಿದ್ದ, ಕಾಲಯಂತ್ರ ಹತ್ತಿದ ಎಂದು ಹೊರಟರೆ ಆರು ಪುಟ ಹೋಯಿತು. ಪುರಾಣದ ಪಾತ್ರವನ್ನು ಹೊಸ ನಾಟಕಕ್ಕೆ ತರುವವರು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಇಲ್ಲೂ ಅಷ್ಟೇ, ಅವನು ಬಾಹ್ಯಾಕಾಶ ಯುಗದ ಮೊರಿಯಾರ್ಟಿ.

ಹಂತ 2: ಯೋಜನೆಯನ್ನು ಲೆಕ್ಕದಿಂದ ಕಟ್ಟುವುದು

ಇಲ್ಲಿ ಅವಸರ ಮಾಡಿದರೆ ಮುಂದಿನ ಯಾವ ಹಂತದಲ್ಲೂ ಸರಿಪಡಿಸಲಾಗುವುದಿಲ್ಲ. ಖಳನ ಯೋಜನೆಗೆ ಮೂರು ಪ್ರಶ್ನೆ ಹಾಕಿ. ಅವನಿಗೆ ಏನು ಬೇಕು? ಅದು ಯಾವ ಒಂದೇ ವೈಜ್ಞಾನಿಕ ಸತ್ಯದ ಮೇಲೆ ನಿಂತಿದೆ? ಯಾವ ಕಡೆಯಿಂದ ಕುಸಿಯಬಹುದು?

"ಭೂಮಿಯನ್ನು ನಾಶ ಮಾಡುತ್ತಾನೆ" ಎಂಬುದು ಯೋಜನೆಯೇ ಅಲ್ಲ. ಲೋಕ ಸುಟ್ಟುಹೋದರೆ ಮೊರಿಯಾರ್ಟಿಗೆ ಏನು ಲಾಭ? ಅವನು ವ್ಯಾಪಾರಿ. ಕ್ಷುದ್ರಗ್ರಹವೊಂದನ್ನು ಅಪಾಯದ ದಾರಿಗೆ ತಳ್ಳಿಸುತ್ತಾನೆ, ವಾಪಸ್ ತಿರುಗಿಸುವ ಲೆಕ್ಕವನ್ನು ಮಾರುತ್ತಾನೆ. ಇಷ್ಟು ಸಾಕು.

ಈಗ ಗಾತ್ರ ಹಾಕಿ. 160 ಮೀಟರ್ ಅಡ್ಡಳತೆ, ನೀರಿನ 2.4 ಪಟ್ಟು ಸಾಂದ್ರತೆ ಎಂದುಕೊಂಡರೆ ಬಂಡೆಯ ತೂಕ ಸುಮಾರು 50 ಲಕ್ಷ ಟನ್. ಇದನ್ನು ಕದಲಿಸಲು ಬಾಂಬಿನ ಮಳೆ ಬೇಕೆಂದು ಬರೆದರೆ ತಿಳಿದ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಇಷ್ಟೇ ಗಾತ್ರದ ಡೈಮಾರ್ಫಾಸ್ ಎಂಬ ಕ್ಷುದ್ರಗ್ರಹಕ್ಕೆ ಸೆಕೆಂಡಿಗೆ 6 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಡಿಕ್ಕಿ ಹೊಡೆದಾಗ ಅದರ ವೇಗ ಬದಲಾದದ್ದು ಸೆಕೆಂಡಿಗೆ 2.7 ಮಿಲಿಮೀಟರ್‌ನಷ್ಟು. ಕಡಿಮೆ ಅನ್ನಿಸಬಹುದು. ಆದರೆ ಸೂರ್ಯನ ಸುತ್ತ ತಿರುಗುವ ಬಂಡೆಯನ್ನು ಅದರ ಚಲನೆಯ ದಿಕ್ಕಿನಲ್ಲೇ ತಳ್ಳಿದರೆ, ಕಾಲಕ್ರಮದಲ್ಲಿ ಅದು ಇರಬೇಕಾದ ಜಾಗದಿಂದ ಸರಿಯುವ ದೂರ, ತಳ್ಳಿದ ವೇಗ ಮತ್ತು ಕಾಲದ ಗುಣಲಬ್ಧದ ಸುಮಾರು ಮೂರು ಪಟ್ಟು. 2.7 ಮಿಲಿಮೀಟರ್ ಹತ್ತು ವರ್ಷದಲ್ಲಿ ಸುಮಾರು 2,500 ಕಿಲೋಮೀಟರ್ ಆಗುತ್ತದೆ.

ಇದಕ್ಕಿಂತ ನಾಜೂಕಾದ ಉಪಾಯವೂ ಇದೆ, ಗಣಿತಜ್ಞ ಅದನ್ನೇ ಆರಿಸುತ್ತಾನೆ. ಕ್ಷುದ್ರಗ್ರಹ ಭೂಮಿಯ ಪಕ್ಕದಲ್ಲಿ ಹಾದುಹೋಗುವಾಗ, ಜಾಗದ ಒಂದು ಸಣ್ಣ ಕಿಂಡಿಯ ಮೂಲಕವೇ ಹಾದರೆ ಭೂಮಿಯ ಗುರುತ್ವ ಅದರ ಕಕ್ಷೆಯನ್ನು ಮುಂದಿನ ಸುತ್ತಿನಲ್ಲಿ ಅಪ್ಪಳಿಸುವಂತೆ ಬಾಗಿಸಿಬಿಡುತ್ತದೆ. ಖಗೋಳದವರು ಇದಕ್ಕೆ ಕೀಲಿಕಿಂಡಿ ಎನ್ನುತ್ತಾರೆ. ಅಪೋಫಿಸ್ ಎಂಬ ಕ್ಷುದ್ರಗ್ರಹ 2029ರ ಏಪ್ರಿಲ್ 13ರಂದು ಹತ್ತಿರ ಬರುವಾಗ ಅಂಥದೊಂದು ಕಿಂಡಿಯ ಬಗ್ಗೆ ಮೊದಮೊದಲು ಆತಂಕವಿತ್ತು. ಅದರ ಅಗಲ ಸುಮಾರು 600 ಮೀಟರ್. ಬಂಡೆ ಅದರೊಳಗೆ ಹೋಗುವುದಿಲ್ಲ ಎಂದು ಆಮೇಲಿನ ಅಳತೆಗಳು ಖಚಿತಪಡಿಸಿದವು. ನಿಮ್ಮ ಖಳ ಬಂಡೆಯನ್ನು ಭೂಮಿಗೆ ಎಸೆಯಬೇಕಿಲ್ಲ, ಕಿಂಡಿಗೆ ಸೇರಿಸಿದರೆ ಸಾಕು. ಉಳಿದ ಕೆಲಸವನ್ನು ಭೂಮಿಯೇ ಮಾಡುತ್ತದೆ. ತಾನಾಗಿ ಹೆಚ್ಚೇನೂ ಮಾಡದವನಿಗೆ ಇದು ಹೇಳಿ ಮಾಡಿಸಿದ ಅಪರಾಧ.

ಇನ್ನು ಕುಸಿತ. ಬಿಸಿಲಿಗೆ ಕಾದ ಮೇಲ್ಮೈ ತಿರುಗುತ್ತಾ ಶಾಖವನ್ನು ಹೊರಸೂಸುವಾಗ ಬಂಡೆಗೆ ಅತಿ ಸಣ್ಣ ತಳ್ಳು ಸಿಗುತ್ತದೆ, ಅದೇ ಯಾರ್ಕೋವ್‌ಸ್ಕಿ ಪರಿಣಾಮ. ಮೇಲ್ಮೈಯ ಹೊಳಪು ಬದಲಾದರೆ ಈ ತಳ್ಳೂ ಬದಲಾಗುತ್ತದೆ. ಹತ್ತು ವರ್ಷದಲ್ಲಿ ಒಂದೆರಡು ಕಿಲೋಮೀಟರ್ ಏರುಪೇರಾದರೂ 600 ಮೀಟರಿನ ಕಿಂಡಿ ತಪ್ಪಿಹೋಗುತ್ತದೆ. ಮೊರಿಯಾರ್ಟಿಗೆ ಇದು ಗೊತ್ತಿಲ್ಲವೆಂದು ಮಾತ್ರ ಬರೆಯಬೇಡಿ, ಹಾಗೆ ಮಾಡಿದರೆ ಬುದ್ಧಿವಂತ ಖಳನನ್ನು ದಡ್ಡನನ್ನಾಗಿಸಿ ಗೆದ್ದಂತಾಗುತ್ತದೆ. ಗೊತ್ತಿದೆ, ಲೆಕ್ಕಕ್ಕೂ ಹಿಡಿದಿದ್ದಾನೆ. ಆದರೆ ಬಂಡೆಯ ಮೇಲೆ ಅಗೆಯುವಾಗ ಏಜೆಂಟನ ಕೈತಪ್ಪಿ ಕಪ್ಪು ಧೂಳು ಎದ್ದು ಒಂದು ಮಗ್ಗುಲಿಗೆ ಹರಡಿದೆ. ಹಿಂದೆ ತಪ್ಪು ಮಾಡಿದವರಿಗೆ ಏನಾಯಿತೆಂದು ಬಲ್ಲ ಏಜೆಂಟ್ ಅದನ್ನು ವರದಿಯಲ್ಲಿ ಮುಚ್ಚಿಡುತ್ತಾನೆ. ಭಯದಿಂದ ಆಳುವವನಿಗೆ ನಿಜವಾದ ಮಾಹಿತಿ ತಲುಪುವುದಿಲ್ಲ. ಭೂಮಿಯಲ್ಲಿ ದೂರದರ್ಶಕದ ಮುಂದೆ ಕೂತ ಎಂಜಿನಿಯರ್ ಒಬ್ಬಳಿಗೆ ಬಂಡೆಯ ಹೊಳಪು ತಗ್ಗಿದ್ದು ಕಾಣಿಸುತ್ತದೆ. ಅವಳಿಗೆ ತಿಳಿದದ್ದು ಅವನಿಗೆ ತಿಳಿದಿಲ್ಲ, ಅವಳು ಹಣ ಕೊಡಬೇಡಿ ಎನ್ನುತ್ತಾಳೆ.

ಹಂತ 3: ಪುಟಗಳ ಹಂಚಿಕೆ

ಪಿನ್ ಹೊಡೆದು ಕಟ್ಟುವ ಪುಸ್ತಕದ ಪುಟಗಳು 4ರಿಂದ ಭಾಗವಾಗಬೇಕು. 32 ಒಳಪುಟ, ಮುಖಪುಟ ಬೇರೆ. ಕಥೆಗೆ 30 ಪುಟ, 31ರಲ್ಲಿ ಕಕ್ಷೆಯ ನಕ್ಷೆ, 32ರಲ್ಲಿ ಹೆಸರುಗಳು.

ಬೆಸ ಪುಟ ಬಲಕ್ಕೆ, ಸರಿ ಪುಟ ಎಡಕ್ಕೆ ಬರುತ್ತದೆ. ಹಾಳೆ ಮಗುಚಿದಾಗ ಮೊದಲು ಕಣ್ಣಿಗೆ ಬೀಳುವುದು ಸರಿ ಪುಟ. ಹಾಗಾಗಿ ಓದುಗನಿಗೆ ಅಚ್ಚರಿಯಾಗಬೇಕಾದದ್ದೆಲ್ಲ ಸರಿ ಪುಟದ ಮೊದಲ ಚೌಕಟ್ಟಿನಲ್ಲಿರಲಿ. ಪ್ರಶ್ನೆ ಹುಟ್ಟಿಸುವ ಚೌಕಟ್ಟು ಬೆಸ ಪುಟದ ಬಲಗಡೆಯ ಕೆಳಮೂಲೆಯಲ್ಲಿರಲಿ. ಬೆಸ ಪುಟದಲ್ಲಿ ಗುಟ್ಟು ಬಿಚ್ಚಿದರೆ ಎಡಪುಟ ಓದುತ್ತಿರುವಾಗಲೇ ಓರೆಗಣ್ಣಿಗೆ ಕಂಡುಬಿಡುತ್ತದೆ.

32 ಪುಟದಲ್ಲಿ 16 ಮತ್ತು 17 ಮಾತ್ರ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಅಚ್ಚಾಗುವ ಒಳಪುಟಗಳು. ಬೇರೆಡೆ ಜೋಡಿಪುಟದ ಚಿತ್ರ ಬರೆದರೆ ನಡುವೆ ಗೆರೆ ಮೇಲೆ ಕೆಳಗೆ ಜಾರುವ ಸಾಧ್ಯತೆ ಇದ್ದೇ ಇದೆ. ಕೀಲಿಕಿಂಡಿಯ ಗುಟ್ಟು ಬಿಚ್ಚುವ ದೊಡ್ಡ ಚಿತ್ರ ಇಲ್ಲಿಗೇ ಬರಲಿ: ಭೂಮಿ, ಬಂಡೆಯ ಪಥ, ನಡುವೆ ಉಗುರಿನಷ್ಟು ಕಿಂಡಿ.

ಹಂಚಿಕೆ ಹೀಗಿರಬಹುದು. 1ರಿಂದ 5, ಮೊರಿಯಾರ್ಟಿ ಕೆಲಸದಲ್ಲಿ ತೊಡಗಿದ್ದಾನೆ, ಯಾವ ಕೆಲಸವೆಂದು ನಮಗೆ ತಿಳಿಯದು. 6ರಲ್ಲಿ ಧೂಳು ಎದ್ದದ್ದು ಎರಡೇ ಚೌಕಟ್ಟಿನಲ್ಲಿ, ಯಾರೂ ಅದರ ಬಗ್ಗೆ ಮಾತಾಡದೆ ಬಂದುಹೋಗಬೇಕು. 12ರಲ್ಲಿ ಸುಳ್ಳು ವರದಿ. 16–17ರಲ್ಲಿ ಯೋಜನೆ ಬಯಲು. 18ರಿಂದ 23ರವರೆಗೆ ಚೌಕಾಸಿ, 24ರಿಂದ 27ರವರೆಗೆ ಬಂಡೆ ಹತ್ತಿರವಾಗುವುದು. 28ನೇ ಪುಟಕ್ಕೆ ಮಗುಚಿದಾಗ ಕಿಂಡಿ ತಪ್ಪಿದೆ. ಎಂಜಿನಿಯರ್‌ಗೆ ಒಟ್ಟು ಆರು ಪುಟಕ್ಕಿಂತ ಹೆಚ್ಚು ಕೊಡಬೇಡಿ. ಎದುರಾಳಿ ಚೆನ್ನಾಗಿ ಮೂಡಿಬಂದಷ್ಟೂ ಪುಟ ಕಬಳಿಸುತ್ತಾಳೆ, ಕೊನೆಗೆ ಅದು ಅವಳ ಕಾಮಿಕ್ ಆಗಿ ಖಳ ಅತಿಥಿಯಾಗುತ್ತಾನೆ.

ಹಂತ 4: ಚಿತ್ರಕಥೆ

ಒಂದು ಚೌಕಟ್ಟಿಗೆ ಒಂದೇ ಕ್ರಿಯೆ. "ಅವನು ಎದ್ದು, ಬಾಗಿಲು ತೆರೆದು, ನಗುತ್ತಾನೆ" ಎಂದು ಬರೆದರೆ ಚಿತ್ರಕಾರನಿಗೆ ಅದು ಮೂರು ಚೌಕಟ್ಟು. ಪುಟಕ್ಕೆ 4ರಿಂದ 6 ಚೌಕಟ್ಟು ಹಿತ. ಇಂಗ್ಲಿಷ್ ಕಾಮಿಕ್‌ಗಳಲ್ಲಿ ಚೌಕಟ್ಟಿಗೆ 35 ಪದ, ಪುಟಕ್ಕೆ 210 ಎಂಬ ಹಳೆಯ ಮಿತಿಯಿದೆ. ಕನ್ನಡದ ಪದಗಳು ಉದ್ದ, ಅದೇ ಸಂಖ್ಯೆ ಹಿಡಿದರೆ ಚಿತ್ರಕ್ಕೆ ಜಾಗವೇ ಉಳಿಯದು. ಚೌಕಟ್ಟಿಗೆ 20, ಪುಟಕ್ಕೆ 120 ಪದ ಸಾಕು.

ಬರವಣಿಗೆಯ ಮಾದರಿ:

ಪುಟ 6, ಚೌಕಟ್ಟು 3. ಹತ್ತಿರದ ನೋಟ. ಏಜೆಂಟನ ಕೈಗವಸಿನಿಂದ ಸ್ಪ್ಯಾನರ್ ಜಾರಿದೆ, ಬಂಡೆಯ ನೆಲಕ್ಕೆ ಒಂದು ಮೀಟರ್ ಮೇಲೆ. ಹಿನ್ನೆಲೆಯಲ್ಲಿ ಗಡಿಯಾರ 10:02. ಮಾತಿಲ್ಲ.
ಪುಟ 6, ಚೌಕಟ್ಟು 4. ಅದೇ ಕೋನ. ಸ್ಪ್ಯಾನರ್ ಅರ್ಧ ದಾರಿಯಲ್ಲಿ. ಗಡಿಯಾರ 10:04. ಹಿಂದೆ ಡ್ರಿಲ್ ಕೊರೆದ ಕಡೆಯಿಂದ ಕಪ್ಪು ಧೂಳು ಮೇಲೇಳುತ್ತಿದೆ.
ಪುಟ 6, ಚೌಕಟ್ಟು 5. ಸ್ಪ್ಯಾನರ್ ನೆಲ ಮುಟ್ಟಿದೆ. ಗಡಿಯಾರ 10:05. ಧೂಳು ಚೌಕಟ್ಟಿನ ಅರ್ಧಭಾಗ ತುಂಬಿದೆ.

ಈ ಸಮಯಗಳು ಊಹೆಯವಲ್ಲ. ಅಷ್ಟು ಸಣ್ಣ ಬಂಡೆಯ ಗುರುತ್ವದಲ್ಲಿ ಒಂದು ಮೀಟರ್ ಬೀಳಲು ಸುಮಾರು ಮೂರು ನಿಮಿಷ ಬೇಕು. ಬೀಳುವ ವಸ್ತು ಮೊದಲು ನಿಧಾನ, ಆಮೇಲೆ ಚುರುಕು; ಅರ್ಧ ದಾರಿ ಮುಟ್ಟುವಾಗಲೇ ಎರಡು ನಿಮಿಷ ಕಳೆದಿರುತ್ತದೆ. ವಿಮೋಚನಾ ವೇಗ ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ, ಅಂದರೆ ಮೆಲ್ಲಗೆ ಜಿಗಿದವನೂ ವಾಪಸ್ ಬರುವುದಿಲ್ಲ. ಹಾಗಾಗಿ ಅಲ್ಲಿ ಯಾರನ್ನೂ ನಡೆಸಬೇಡಿ, ಹಗ್ಗ ಹಿಡಿದು ತೇಲಿಸಿ. ಓದುಗನ ಕಣ್ಣು ಸ್ಪ್ಯಾನರಿನ ಮೇಲಿರುವಾಗ ಧೂಳು ಕಥೆಯೊಳಗೆ ನುಸುಳಿರುತ್ತದೆ.

ಚೌಕಾಸಿಯ ಪುಟಗಳಿಗೆ ಬೆಳಕಿನ ವೇಗವನ್ನೇ ಬಳಸಿ. ಮೊರಿಯಾರ್ಟಿಯ ನೌಕೆ ಭೂಮಿಯಿಂದ 4.5 ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ ಮಾತು ತಲುಪಲು ಎರಡೂವರೆ ನಿಮಿಷ, ಉತ್ತರಕ್ಕೆ ಐದು. ಪುಟದ ಮೇಲ್ಸಾಲು ಅವನ ನೌಕೆ, ಕೆಳಸಾಲು ಭೂಮಿ. ಮೇಲೆ ಅವನು ಬೆದರಿಕೆ ಮುಗಿಸಿ ಚಹಾ ಸುರಿದುಕೊಳ್ಳುತ್ತಿರುವಾಗ ಕೆಳಗೆ ಅದರ ಮೊದಲ ಶಬ್ದ ಈಗಷ್ಟೇ ಕೇಳಿಸುತ್ತಿರುತ್ತದೆ. ಕಾಮಿಕ್‌ನ ಪುಟ ಎರಡು ಕಾಲಗಳನ್ನು ಒಂದರ ಕೆಳಗೊಂದು ಇಡಬಲ್ಲದು. ಈ ಮಾಧ್ಯಮ ಆರಿಸಿದ್ದಕ್ಕೆ ಇದೊಂದೇ ಕಾರಣ ಸಾಕು. ಇಲ್ಲಿ ತಕ್ಷಣದ ವೀಡಿಯೋ ಕರೆ ಹಾಕಿದರೆ ಲೆಕ್ಕಾಚಾರ ಮಾಡಿದ ಶ್ರಮವೆಲ್ಲ ನೀರುಪಾಲು.

ಖಳ ತನ್ನ ಯೋಜನೆಯನ್ನು ತಾನೇ ಭಾಷಣ ಮಾಡಿ ವಿವರಿಸಬಾರದು. ಅವನು ಕೊಡುವ ಆಜ್ಞೆಗಳಿಂದ ಓದುಗನೇ ಅರ್ಥ ಮಾಡಿಕೊಳ್ಳಲಿ. ಓದುಗ ಎಂಜಿನಿಯರ್‌ಗಿಂತ ಒಂದು ಹೆಜ್ಜೆ ಮುಂದೆ, ಮೊರಿಯಾರ್ಟಿಗಿಂತ ಒಂದು ಹೆಜ್ಜೆ ಹಿಂದೆ ಇರಲಿ. ಧೂಳಿನ ವಿಷಯದಲ್ಲಿ ಮಾತ್ರ ಮೊರಿಯಾರ್ಟಿಗಿಂತಲೂ ಮುಂದಿರುತ್ತಾನೆ.

ಹಂತ 5: ಖಳನ ರೂಪ

ಮುಂದಿನಿಂದ, ಮುಕ್ಕಾಲು, ಪಕ್ಕದಿಂದ, ಹಿಂದಿನಿಂದ ನಾಲ್ಕು ನೋಟ, ಆರು ಮುಖಭಾವ, ಕೈಗಳದ್ದೇ ಒಂದು ಹಾಳೆ. ಕಪ್ಪು ಬಣ್ಣ ತುಂಬಿದ ನೆರಳಚಿತ್ರದಲ್ಲೂ ಅವನೇ ಎಂದು ಗುರುತು ಸಿಗಬೇಕು. ಬಾಗಿದ ಭುಜ ಮತ್ತು ಮುಂಚಾಚಿದ ತಲೆ ಅದಕ್ಕೆ ಸಾಕು, ಮೇಲಂಗಿ, ಗಾಯದ ಗುರುತು, ಕೆಂಪು ಕಣ್ಣು ಬೇಡ.

ತಲೆಯ ಓಲಾಟವನ್ನು ನಿಂತ ಚಿತ್ರದಲ್ಲಿ ತೋರಿಸುವುದು ಹೇಗೆ? ಒಂದೇ ಅಳತೆಯ ಮೂರು ಚೌಕಟ್ಟು, ಒಂದೇ ಹಿನ್ನೆಲೆ, ತಲೆ ಮಾತ್ರ ಎಡ, ನಡು, ಬಲ. ಚಲನೆಯ ಗೆರೆ ಹಾಕಿದರೆ ನಗೆಚಿತ್ರವಾಗುತ್ತದೆ. ನೌಕೆಯ ಹೊರಗೆ ಇನ್ನೂ ಚೆನ್ನ: ಬಾಹ್ಯಾಕಾಶ ಉಡುಪಿನ ಹೆಲ್ಮೆಟ್ ಕತ್ತಿನ ಉಂಗುರಕ್ಕೆ ಬಿಗಿದಿರುತ್ತದೆ, ತಿರುಗುವುದಿಲ್ಲ. ಉಡುಪು ಕಲ್ಲಿನಂತೆ ನಿಂತಿದೆ, ಗಾಜಿನೊಳಗೆ ಮುಖ ಮಾತ್ರ ಅತ್ತಿತ್ತ. ಇದನ್ನು ಎರಡೇ ಕಡೆ ಬಳಸಿ, ಮೂರನೆಯ ಸಲ ತಲೆ ನಿಂತುಬಿಡಲಿ. ಅದು 30ನೇ ಪುಟ, ಎರಡೂವರೆ ನಿಮಿಷ ತಡವಾಗಿ ಭೂಮಿಯ ಉತ್ತರ ತಲುಪಿದ ಕ್ಷಣ. ಅಲ್ಲಿ ಸಂಭಾಷಣೆ ಬೇಡ.

ನಿರ್ವಾತದ ಚಿತ್ರಕ್ಕೆ ಕೆಲವು ಕಟ್ಟುನಿಟ್ಟು. ಗಾಳಿಯಿಲ್ಲದ್ದರಿಂದ ದೂರದ ವಸ್ತು ಮಸುಕಾಗುವುದಿಲ್ಲ, ನೆರಳಿನ ಅಂಚು ಹರಿತ. ಶಬ್ದವಿಲ್ಲ, ಹಾಗಾಗಿ ಹೊರಗಿನ ದೃಶ್ಯದಲ್ಲಿ "ಧಡಾರ್" ಬರೆಯಬೇಡಿ. ಡ್ರಿಲ್ಲಿನ ಕಂಪನ ಕೈಗವಸಿನ ಮೂಲಕ ಬರುತ್ತದೆ, ಅಕ್ಷರ ಹೆಲ್ಮೆಟ್ಟಿನ ಒಳಗಿರಲಿ. ಹೆಲ್ಮೆಟ್ ಒಡೆದವನು ಸಿಡಿಯುವುದಿಲ್ಲ, ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತಾನೆ. ನೌಕೆಯಲ್ಲಿ ತಿರುಗುವ ಚಕ್ರದಿಂದ ಭೂಮಿಯಷ್ಟೇ ಗುರುತ್ವ ಬೇಕಿದ್ದರೆ, ನಿಮಿಷಕ್ಕೆ 2 ಸುತ್ತಿನ ವೇಗದಲ್ಲಿ ತ್ರಿಜ್ಯ 224 ಮೀಟರ್ ಬೇಕು. ಪುಟ್ಟ ಚಕ್ರ ಬರೆದು ಚಹಾ ಸುರಿಸಿದರೆ ಯಾರಾದರೂ ಹಿಡಿಯುತ್ತಾರೆ.

ಹಂತ 6: ಕಿರುಚಿತ್ರ, ಪೆನ್ಸಿಲ್, ಇಂಕು

ಮೊದಲು ಎಲ್ಲ 32 ಪುಟವನ್ನೂ 6×9 ಸೆಂಟಿಮೀಟರ್ ಅಳತೆಯ ಕಿರುಚಿತ್ರವಾಗಿ ಒಂದೇ ದೊಡ್ಡ ಹಾಳೆಯ ಮೇಲೆ ಹಾಕಿ. ಮಾತಿನ ಗುಳ್ಳೆಗಳ ಜಾಗ ಈ ಹಂತದಲ್ಲೇ ಗೊತ್ತಾಗಬೇಕು.

ಅಮೆರಿಕನ್ ಕಾಮಿಕ್ ಅಳತೆ 6.625×10.25 ಇಂಚು. ಕಾಗದದಲ್ಲಿ ಬರೆಯುವವರು 11×17 ಇಂಚಿನ ದಪ್ಪ ಹಾಳೆಯಲ್ಲಿ 10×15 ಇಂಚಿನೊಳಗೆ ಮುಖ್ಯ ಚಿತ್ರ ಇಡುತ್ತಾರೆ. ಅಚ್ಚಿನಲ್ಲಿ ಮೂರನೇ ಒಂದು ಭಾಗ ಕುಗ್ಗುವುದರಿಂದ 0.3 ಮಿಲಿಮೀಟರಿಗಿಂತ ತೆಳುವಾದ ಗೆರೆ ನಂಬಬೇಡಿ. ಕಂಪ್ಯೂಟರಿನಲ್ಲಾದರೆ ನಾಲ್ಕೂ ಕಡೆ 0.125 ಇಂಚು ಬ್ಲೀಡ್ (ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಸೇರಿಸಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) 4125×6300 ಪಿಕ್ಸೆಲ್. ಕತ್ತರಿಸುವ ಗೆರೆಯಿಂದ ಒಳಕ್ಕೆ ಕನಿಷ್ಠ ಕಾಲು ಇಂಚು ಬಿಟ್ಟು ಅಕ್ಷರ ಇಡಿ. ಪಿನ್ ಹೊಡೆದ ಪುಸ್ತಕದಲ್ಲಿ ನಡುಹಾಳೆಗಳು ಹೊರಕ್ಕೆ ಚಾಚಿಕೊಂಡು ಅಂಚು ಹೆಚ್ಚು ಕತ್ತರಿಸಿಹೋಗುತ್ತದೆ, ಅಕ್ಷರಕ್ಕೆ ಅಪಾಯ ಇರುವುದು ಹೆಚ್ಚಾಗಿ ಅಲ್ಲೇ.

ಹಂತ 7: ಕನ್ನಡ ಅಕ್ಷರ ಜೋಡಣೆ

ಚೆಂದದ ಪುಟಗಳು ಹಾಳಾಗುವುದು ಇಲ್ಲಿ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಗುಡಿಸು ಮೇಲೇರುತ್ತದೆ. ಇಂಗ್ಲಿಷಿನ ಸಾಲಂತರ ಇಟ್ಟರೆ "ಸ್ತ್ರೀ"ಯ ಒತ್ತು ಕೆಳಸಾಲಿನ "ಕಿ"ಯ ತಲೆಗೆ ತಾಗುತ್ತದೆ. ಅಕ್ಷರ 8.5ರಿಂದ 9 ಪಾಯಿಂಟ್, ಸಾಲಂತರ ಅದರ 135ರಿಂದ 140 ಪ್ರತಿಶತ ಇರಲಿ. ಗುಳ್ಳೆಯ ಕೆಳ ಅಂಚಿನ ಬಳಿ ಒತ್ತಿಗಾಗಿ ಸ್ವಲ್ಪ ಹೆಚ್ಚು ಜಾಗ ಬಿಡಿ.

ಒತ್ತಿ ಹೇಳುವ ಪದಕ್ಕೆ ದಪ್ಪ ಅಕ್ಷರ ಬಳಸಿ. ಓರೆಯಾಗಿಸಿದ ಕನ್ನಡ ಕಣ್ಣಿಗೆ ಮುರಿದಂತೆ ಕಾಣುತ್ತದೆ. ಬಾಲೂ ತಮ್ಮ 2ರಲ್ಲಿ ಹಲವು ದಪ್ಪಗಳು ಸಿಗುತ್ತವೆ, ಮುಕ್ತ ಪರವಾನಗಿಯೂ ಇದೆ; ಮೊರಿಯಾರ್ಟಿಯ ತಣ್ಣನೆಯ ಮಾತಿಗೆ ನೋಟೋ ಸಾನ್ಸ್ ಕನ್ನಡ ಇನ್ನೂ ಒಪ್ಪುತ್ತದೆ. ಫೋಟೋಶಾಪ್, ಇಲ್ಲಸ್ಟ್ರೇಟರ್‌ಗಳಲ್ಲಿ ಒತ್ತು ಕಿತ್ತುಹೋಗಿ ಪಕ್ಕಕ್ಕೆ ಕೂತರೆ ತಪ್ಪು ಫಾಂಟಿನದಲ್ಲ. ಟೈಪ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಜೋಡಣೆಯನ್ನು ಆನ್ ಮಾಡಬೇಕು.

ಉದ್ದ ಪದವನ್ನು ಗುಳ್ಳೆಯೊಳಗೆ ತುಂಡರಿಸಬೇಡಿ, ಮಾತನ್ನೇ ಬದಲಿಸಿ. "ಹಿಂತಿರುಗಿಸಲಾಗುವುದಿಲ್ಲವೆಂದು ತಿಳಿದುಕೊಳ್ಳಿ" ಎಂಬುದು ಗುಳ್ಳೆಯನ್ನು ಅಡ್ಡಕ್ಕೆ ಹಿಗ್ಗಿಸುತ್ತದೆ. "ಇನ್ನು ವಾಪಸ್ ಇಲ್ಲ" ಎಂದರೆ ಜಾಗವೂ ಉಳಿಯಿತು, ಬೆದರಿಕೆಯೂ ಹರಿತವಾಯಿತು.

ಹಂತ 8: ಬಣ್ಣ ಮತ್ತು ಅಚ್ಚಿನ ಫೈಲು

ಬಾಹ್ಯಾಕಾಶದ ಕಪ್ಪಿಗೆ ಬರೀ ಕಪ್ಪು ಶಾಯಿ ಹಾಕಿದರೆ ಅಚ್ಚಿನಲ್ಲಿ ಬೂದಿ ಬಣ್ಣ ಬರುತ್ತದೆ. ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಹಾಕಿ. ಒಟ್ಟು 240 ಪ್ರತಿಶತ, ಕಾಗದ ಒದ್ದೆಯಾಗದು. ಅಕ್ಷರಕ್ಕೆ ಮಾತ್ರ ಬರೀ ಕಪ್ಪು 100, ಮತ್ತು ಅದು ಓವರ್‌ಪ್ರಿಂಟ್ ಆಗಿರಲಿ, ಅಂದರೆ ಕೆಳಗಿನ ಬಣ್ಣವನ್ನು ಕತ್ತರಿಸದೆ ಅದರ ಮೇಲೆಯೇ ಅಚ್ಚಾಗಲಿ. ನಾಲ್ಕು ಶಾಯಿಯ ಅಕ್ಷರದಲ್ಲಿ ಒಂದು ಶಾಯಿಯ ಅಚ್ಚಿನ ಫಲಕ ಕೂದಲೆಳೆ ಜಾರಿದರೂ ಬಣ್ಣದ ನೆರಳು ಕಾಣುತ್ತದೆ. ಅದೇ ಕಾರಣಕ್ಕೆ ನಾಲ್ಕು ಶಾಯಿಯ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರ ಬರೆಯಬೇಡಿ, ಒತ್ತಿನ ಒಳಗಿನ ಕಿಂಡಿಗಳು ಶಾಯಿ ತುಂಬಿ ಮುಚ್ಚಿಹೋಗುತ್ತವೆ. ನಿರೂಪಣೆಗೆ ತಿಳಿ ಬಣ್ಣದ ಪೆಟ್ಟಿಗೆ ಇಡಿ.

ಒಂದು ಬಣ್ಣವನ್ನು ಖಳನಿಗೇ ಮೀಸಲಿಡಿ, ಉದಾಹರಣೆಗೆ ಅವನ ದೀಪದ ಹಳದಿ. ಅವನಿಲ್ಲದ ಪುಟದಲ್ಲಿ, ಸುಳ್ಳು ವರದಿ ಬರೆಯುವ ಏಜೆಂಟನ ಪರದೆಯ ಮೇಲೆ ಅದೇ ಹಳದಿ ಬಿದ್ದರೆ ಭಯ ಎಲ್ಲಿಂದ ಬಂತೆಂದು ಬರೆದು ಹೇಳಬೇಕಿಲ್ಲ.

ಅಚ್ಚಿಗೆ ಕಳಿಸುವ ಮೊದಲು ನಿಜ ಅಳತೆಯಲ್ಲಿ ಸಾದಾ ಕಾಗದದ ಮೇಲೆ ಮುದ್ರಿಸಿ, ಮಡಚಿ, ಕಥೆ ಗೊತ್ತಿಲ್ಲದವರ ಕೈಗೆ ಕೊಡಿ. ಅವನಿಗೆ ಏನು ಬೇಕಿತ್ತು, ಹೇಗೆ ಹೊಂಚುಹಾಕಿದ, ಯಾಕೆ ಸೋತ ಎಂದು ಕೇಳಿ. ಮೂರನೆಯದಕ್ಕೆ ಉತ್ತರ ಬರದಿದ್ದರೆ 6ನೇ ಪುಟದ ಧೂಳು ತೀರಾ ಚಿಕ್ಕದಾಗಿದೆ ಎಂದರ್ಥ. ಅಲ್ಲಿ ಮಾತು ಸೇರಿಸುವ ಬದಲು ಐದನೇ ಚೌಕಟ್ಟನ್ನು ಪುಟದ ಅಗಲಕ್ಕೆ ಹಿಗ್ಗಿಸಿ. ಧೂಳು ಬಿದ್ದ ಕೂಡಲೇ ಅವರು ಅಂತ್ಯ ಊಹಿಸಿದ್ದರೆ ಸ್ಪ್ಯಾನರನ್ನು ಮುಂದಕ್ಕೆ ತಂದು ಧೂಳನ್ನು ಹಿನ್ನೆಲೆಗೆ ತಳ್ಳಿ. ತಿದ್ದುಪಡಿ ಮುಗಿದ ಮೇಲೆ ಜೋಡಿಪುಟ ಮಾಡದೆ ಬಿಡಿಪುಟಗಳಾಗಿ, ಬ್ಲೀಡ್ ಸಹಿತ, ಅಚ್ಚಿಗೆಂದೇ ಇರುವ ಪಿಡಿಎಫ್/ಎಕ್ಸ್-4 ರೂಪದಲ್ಲಿ ಉಳಿಸಿ. 16 ಮತ್ತು 17ನ್ನೂ ಎರಡಾಗಿ ಕತ್ತರಿಸಿಯೇ ಕಳಿಸಬೇಕು, ಮುಖಪುಟದ ನಾಲ್ಕು ಪುಟಕ್ಕೆ ಬೇರೆಯದೇ ಫೈಲು.